ಪರದೆಯ ಮೇಲೆ ಮದ್ದು ಸುಡುವ ವಿದ್ಯೆ

ದೀಪಾವಳಿಯ ಬಲಿಪಾಡ್ಯಮಿಯಿಂದ ಮೊದಲುಗೊಂಡು ಮುಂದಿನ ಹಲವು ವಾರಗಳವರೆಗೆ ಅಕ್ಕಿಆಲೂರು, ಹಾನಗಲ್ಲ, ಹಿರೇಕೆರೂರು, ಶಿಗ್ಗಾವಿ, ಸವಣೂರು ಸೀಮೆಯ ಊರುಗಳಲ್ಲಿ ನಡೆಯುವ ಹೋರಿ ಬೆದರಿಸುವ ಸ್ಪರ್ಧೆ ಇಂದು ಅಖಾಡದಲ್ಲಷ್ಟೇ ಅಲ್ಲ, ಮೊಬೈಲಿನ ಪರದೆಯ ಮೇಲೂ ನಡೆಯುತ್ತಿದೆ. ಒಣಕೊಬ್ಬರಿಯ ಸರ, ಬಲೂನು, ಬಣ್ಣದ ಜೂಲಗಳಿಂದ ಸಿಂಗಾರಗೊಂಡ ಹೋರಿಯ ಹೆಸರು ಪರದೆಯಲ್ಲಿ ಮೂಡುವಾಗ ಅಕ್ಷರಗಳ ಅಂಚಿನಿಂದ ಕಿಡಿ ಹಾರಬೇಕು, ಹಿನ್ನೆಲೆಯ ಕತ್ತಲಲ್ಲಿ ಬಾಣಬಿರುಸು ಅರಳಬೇಕು ಎಂಬುದು ಅಭಿಮಾನಿ ಬಳಗಗಳ ಹಂಬಲ. ಆದರೆ ಈ ವಿಡಿಯೊಗಳಲ್ಲಿ ಕಾಣುವ ಬೆಂಕಿ ಸಾಮಾನ್ಯವಾಗಿ ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ತುಣುಕಾಗಿರುತ್ತದೆಯೇ ಹೊರತು ಆ ಊರಿನ ಹುಡುಗನೊಬ್ಬ ಕೈಯಾರೆ ಬಿಡಿಸಿದ ಬೆಂಕಿಯಾಗಿರುವುದಿಲ್ಲ. ಚಿತ್ರ ಬಿಡಿಸುವ ತಂತ್ರಾಂಶಗಳಲ್ಲಿ ಇಂಥ ಬೆಳಕನ್ನು ಸ್ವತಃ ರಚಿಸಿ ಅದಕ್ಕೆ ಚಲನೆ ಕೊಡುವ ವಿದ್ಯೆ ದುಬಾರಿಯೂ ಅಲ್ಲ, ನಿಗೂಢವೂ ಅಲ್ಲ. ಅದಕ್ಕೆ ಬೇಕಾದದ್ದು ಒಂದಿಷ್ಟು ಕೂಡುವ ಲೆಕ್ಕ ಮತ್ತು ಬೆಂಕಿಯನ್ನು ಗಮನವಿಟ್ಟು ನೋಡಿದ ಕಣ್ಣು. ಹೊಳೆಯುವ ಕುಂಚ, ಅಂದರೆ ಗ್ಲೋ ಬ್ರಷ್, ಇವೆರಡರ ನಂತರದ ಮಾತು.

ಮೊದಲು ಪರದೆಯ ಮಿತಿಯನ್ನು ಅರಿಯಬೇಕು. ಆಕಾಶದಲ್ಲಿ ಸಿಡಿದ ಬಾಣದ ಕಿಡಿ ಸುತ್ತಲಿನ ಕತ್ತಲಿಗಿಂತ ಸಾವಿರಾರು ಪಟ್ಟು ಪ್ರಖರವಾಗಿರಬಲ್ಲದು, ಆದರೆ ಸಾಮಾನ್ಯ ಪರದೆಯ ಒಂದು ಬಿಂದು ತನ್ನ ಪೂರ್ಣ ಬಿಳುಪನ್ನು ಮೀರಿ ಬೆಳಗಲಾರದು. ಪರದೆಯ ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಪ್ರಮಾಣದಿಂದ ಗುರುತಿಸಲಾಗುತ್ತದೆ, ಪ್ರತಿಯೊಂದರ ಬೆಲೆಯೂ 0ಯಿಂದ 255ರವರೆಗೆ ಇರುತ್ತದೆ, ಮೂರೂ 255 ಆದಾಗ ಬಿಳಿ ಕಾಣುತ್ತದೆ, ಅದರಾಚೆಗೆ ದಾರಿಯಿಲ್ಲ. ಆದ್ದರಿಂದ ಪರದೆಯ ಮೇಲಿನ ಹೊಳಪೆಲ್ಲವೂ ಕಣ್ಣಿಗೆ ಕೊಡುವ ಸೂಚನೆ ಮಾತ್ರ: ಸುತ್ತಲಿನದನ್ನು ಕತ್ತಲಾಗಿಸುವುದು, ನಡುವನ್ನು ಬಹುತೇಕ ಬಿಳಿಯಾಗಿಸುವುದು, ಇವೆರಡರ ನಡುವೆ ಬಣ್ಣದ ಮಸುಕಾದ ಪ್ರಭೆಯನ್ನು ಹರಡುವುದು. ಕಲಿಯುವವರು ಮಾಡುವ ಮೊದಲ ತಪ್ಪು ಇಲ್ಲಿಯೇ ಆಗುತ್ತದೆ. ಅವರು ಕಿಡಿಯನ್ನು ಪ್ರಖರಗೊಳಿಸಲು ಹೆಣಗುತ್ತಾರೆ, ಹಿನ್ನೆಲೆಯನ್ನು ಕತ್ತಲಾಗಿಸಲು ಮರೆಯುತ್ತಾರೆ. ಹಗಲಿನ ನೀಲಿ ಆಕಾಶದ ಮೇಲೆ ಎಂಥ ಬ್ರಷ್ ಹಿಡಿದರೂ ಬಾಣಬಿರುಸು ಹೊಳೆಯದು.

ಎರಡನೆಯ ಸಂಗತಿ, ಬೆಳಕು ಬೆಳಕಿನೊಡನೆ ಹೇಗೆ ಬೆರೆಯುತ್ತದೆ ಎಂಬುದು. ಚಿತ್ರದ ತಂತ್ರಾಂಶದಲ್ಲಿ ಒಂದರ ಮೇಲೊಂದು ಪಾರದರ್ಶಕ ಹಾಳೆಗಳಂತೆ ಇರುವ ಪದರಗಳಿಗೆ ಲೇಯರ್ ಎಂದೂ, ಮೇಲಿನ ಪದರದ ಬಣ್ಣ ಕೆಳಗಿನ ಬಣ್ಣದೊಡನೆ ಬೆರೆಯುವ ಲೆಕ್ಕಕ್ಕೆ ಬ್ಲೆಂಡಿಂಗ್ ಮೋಡ್, ಅಂದರೆ ಮಿಶ್ರಣ ವಿಧಾನವೆಂದೂ ಹೆಸರು. ಸಾಮಾನ್ಯ ವಿಧಾನದಲ್ಲಿ ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚುತ್ತದೆ. ಗೋಡೆಗೆ ಹಚ್ಚುವ ಬಣ್ಣಕ್ಕೆ ಅದು ಸರಿ, ಆದರೆ ಬೆಳಕು ಬೆಳಕನ್ನು ಮುಚ್ಚುವುದಿಲ್ಲ, ಅದರೊಡನೆ ಕೂಡುತ್ತದೆ. ಈ ಕೂಡಿಕೆಗೆಂದೇ ಇರುವ ವಿಧಾನವನ್ನು ಕ್ರಿತಾ ತಂತ್ರಾಂಶ ಅಡಿಷನ್ ಎಂದೂ, ಕ್ಲಿಪ್ ಸ್ಟುಡಿಯೊ ಆ್ಯಡ್ ಗ್ಲೋ ಎಂದೂ, ಫೋಟೊಶಾಪ್ ಲೀನಿಯರ್ ಡಾಡ್ಜ್ ಎಂದೂ ಕರೆಯುತ್ತವೆ. ಕೆಂಪು 255, ಹಸಿರು 140, ನೀಲಿ 20 ಇರುವ ಕಿತ್ತಳೆ ಬಣ್ಣವೊಂದನ್ನು ಅದರ ಮೇಲೆಯೇ ಈ ವಿಧಾನದಿಂದ ಮತ್ತೊಮ್ಮೆ ಇಟ್ಟರೆ ಹಸಿರು 280 ಆಗಬೇಕಾಗಿ, 255ಕ್ಕೆ ನಿಲ್ಲುತ್ತದೆ, ನೀಲಿ 40 ಆಗುತ್ತದೆ, ಕಣ್ಣಿಗೆ ಕಾಣುವುದು ಪ್ರಖರವಾದ ಹಳದಿ. ಕಿತ್ತಳೆಯ ಮೇಲೆ ಕಿತ್ತಳೆ ಬಿದ್ದು ಹಳದಿಯಾಗುವ ಈ ಪರಿಣಾಮವನ್ನು ಚಿತ್ರಕಾರ ಬೇರೆಯಾಗಿ ಹಚ್ಚಬೇಕಾಗಿಲ್ಲ, ಕಿಡಿಗಳು ಒತ್ತಾಗಿ ಸೇರಿದಲ್ಲಿ ಅದು ತಾನಾಗಿಯೇ ಬರುತ್ತದೆ, ಅದೇ ಈ ವಿಧಾನದ ಸೊಗಸು. ಸ್ಕ್ರೀನ್ ಎಂಬ ಇನ್ನೊಂದು ವಿಧಾನ ಇದಕ್ಕಿಂತ ಮೃದು. ಅದು ಎರಡು ಬಣ್ಣಗಳ ಕತ್ತಲೆಯ ಭಾಗಗಳನ್ನು ಗುಣಿಸುವುದರಿಂದ ಅದೇ ಕಿತ್ತಳೆಯ ಹಸಿರು 203ರಷ್ಟಕ್ಕೆ ಏರಿ ನಿಲ್ಲುತ್ತದೆ. ಹೊಗೆಯ ಮೇಲೆ ಬಿದ್ದ ಬೆಳಕಿಗೆ ಸ್ಕ್ರೀನ್ ಒಪ್ಪುತ್ತದೆ, ಕಿಡಿಯ ಒಡಲಿಗೆ ಆ್ಯಡ್ ಒಪ್ಪುತ್ತದೆ.

ಈ ಲೆಕ್ಕ ಗಣಕಯಂತ್ರದಿಂದ ಹುಟ್ಟಿದ್ದಲ್ಲ, ಅದರ ಮೂಲ ಫಿಲ್ಮಿನ ಕಾಲದಲ್ಲಿದೆ. ಅನಿಮೇಷನ್ ಸ್ಟುಡಿಯೊಗಳಲ್ಲಿ ಹೊಳಪು ಬೇಕಾದಾಗ ಕಪ್ಪು ಹಾಳೆಯಲ್ಲಿ ಬೆಳಕಿನ ಆಕಾರದಷ್ಟನ್ನೇ ಪಾರದರ್ಶಕವಾಗಿ ಬಿಟ್ಟು, ಕೆಳಗಿನಿಂದ ದೀಪ ಹಾಯಿಸಿ, ಈಗಾಗಲೇ ಚಿತ್ರ ಮೂಡಿದ್ದ ಅದೇ ಫಿಲ್ಮಿನ ಮೇಲೆ ಎರಡನೆಯ ಬಾರಿ ಬೆಳಕು ಬೀಳಿಸಲಾಗುತ್ತಿತ್ತು. ಎರಡು ಬಾರಿ ಬಿದ್ದ ಬೆಳಕು ಫಿಲ್ಮಿನ ಮೇಲೆ ಕೂಡಿಕೊಳ್ಳುತ್ತಿತ್ತು. 1982ರಲ್ಲಿ ಬಂದ ಟ್ರಾನ್ ಚಲನಚಿತ್ರದ ಪಾತ್ರಗಳ ಉಡುಪಿನ ಮೇಲೆ ಹೊಳೆಯುವ ಗೆರೆಗಳು ಹೀಗೆಯೇ ಮೂಡಿದವು. ಎರಡು ವರ್ಷಗಳ ನಂತರ, 1984ರಲ್ಲಿ, ಲ್ಯೂಕಾಸ್ ಫಿಲ್ಮ್ ಸಂಸ್ಥೆಯ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಚಿತ್ರಗಳನ್ನು ಬೆರೆಸುವ ಲೆಕ್ಕಗಳನ್ನು ಒಂದು ಪ್ರಬಂಧದಲ್ಲಿ ಕ್ರಮಬದ್ಧಗೊಳಿಸಿದಾಗ ಅದರಲ್ಲಿ ಕೂಡಿಸುವ ಕ್ರಿಯೆಗೂ ಸ್ಥಾನವಿತ್ತು. ಇಂದು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಸಿಗುವ ಆ್ಯಡ್ ವಿಧಾನದ ಹಿಂದೆ ಇಷ್ಟು ದೀರ್ಘ ಪರಂಪರೆಯಿದೆ.

ಕೂಡುವ ಲೆಕ್ಕದಲ್ಲಿ ಎಚ್ಚರ ತಪ್ಪುವ ಎರಡು ಎಡೆಗಳಿವೆ. ಹಸಿರು, ನೀಲಿಗಳೆರಡೂ 0 ಆಗಿರುವ ಶುದ್ಧ ಕೆಂಪನ್ನು ಎಷ್ಟು ಬಾರಿ ಕೂಡಿಸಿದರೂ ಅದು ಕೆಂಪಾಗಿಯೇ ಉಳಿಯುತ್ತದೆ, ಅದರ ನಡು ಎಂದಿಗೂ ಬಿಳಿಯಾಗದೆ ಕಿಡಿ ಕುಂಕುಮದ ಬೊಟ್ಟಿನಂತೆ ಚಪ್ಪಟೆಯಾಗಿ ಕಾಣುತ್ತದೆ. ಆದ್ದರಿಂದ ಕೆಂಪು ಬಾಣಕ್ಕೆ ಬಳಸುವ ಕೆಂಪಿನಲ್ಲಿ 30ರಿಂದ 60ರಷ್ಟಾದರೂ ಹಸಿರು ಮತ್ತು ನೀಲಿಯನ್ನು ಉಳಿಸಿಕೊಳ್ಳಬೇಕು. ಇನ್ನೊಂದು, ಪರದೆಯ ಅಂಕಿಗಳಿಗೂ ನಿಜವಾದ ಬೆಳಕಿಗೂ ನೇರ ಅನುಪಾತ ಇಲ್ಲದಿರುವುದು. 128 ಎಂಬ ಬೆಲೆ 255ರ ಅರ್ಧದಂತೆ ತೋರಿದರೂ ಅದು ಹೊಮ್ಮಿಸುವ ಬೆಳಕು ಪೂರ್ಣ ಬೆಳಕಿನ ಶೇ 22ರಷ್ಟು ಮಾತ್ರ. ಹೀಗಾಗಿ ಅಂಥ ಎರಡು ಬೆಳಕುಗಳು ವಾಸ್ತವದಲ್ಲಿ ಸೇರಿದರೆ 176ರ ಆಸುಪಾಸಿನ ಬೆಲೆ ಬರಬೇಕು, ಸಾಮಾನ್ಯ ಲೆಕ್ಕ ಅದನ್ನು ನೇರವಾಗಿ 255ಕ್ಕೆ ಏರಿಸಿ ಸುಟ್ಟಂತೆ ಮಾಡುತ್ತದೆ. ಕ್ರಿತಾದಂಥ ತಂತ್ರಾಂಶದಲ್ಲಿ ಕಡತವನ್ನು 16 ಬಿಟ್ ಫ್ಲೋಟ್ ಎಂಬ ಆಳದಲ್ಲಿ, ಲೀನಿಯರ್ ವರ್ಣವ್ಯವಸ್ಥೆಯಲ್ಲಿ ತೆರೆದರೆ ಈ ದೋಷ ತಪ್ಪುತ್ತದೆ. ಅದಕ್ಕೆ ಗಣಕಯಂತ್ರ ಸಾಕಷ್ಟು ಬಲವಾಗಿರಬೇಕು. ಇಲ್ಲದವರು ಪದರಗಳ ಗಾಢತೆಯನ್ನು ತಗ್ಗಿಸಿಟ್ಟುಕೊಂಡು ಕೆಲಸ ಸಾಗಿಸಬಹುದು.

ಬಣ್ಣದ ಆಯ್ಕೆಗೆ ರಸಾಯನಶಾಸ್ತ್ರವೇ ಗುರು. ಕೆಂಪು ಸ್ಟ್ರಾನ್ಷಿಯಂನಿಂದ, ಹಸಿರು ಬೇರಿಯಂನಿಂದ, ನೀಲಿ ತಾಮ್ರದಿಂದ, ಹಳದಿ ಸೋಡಿಯಂನಿಂದ ಬರುತ್ತವೆ. ಇವು ಆಯಾ ಧಾತುವಿನ ಸ್ವಂತ ಬಣ್ಣಗಳಾದ್ದರಿಂದ ಕಿಡಿ ಉರಿದು ಮುಗಿಯುವವರೆಗೂ ಬಣ್ಣ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಇದ್ದಿಲಿನ ಮತ್ತು ಕಬ್ಬಿಣದ ಪುಡಿಯ ಹೊಂಬಣ್ಣದ ಕಿಡಿಗಳ ರೀತಿ ಬೇರೆ. ಅವು ಕಾದ ಲೋಹದ ಹಾಗೆ ಹೊಳೆಯುವುದರಿಂದ ತಣ್ಣಗಾಗುತ್ತ ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಮಂಕು ಕೆಂಪಿಗೆ ಇಳಿದು ಆರುತ್ತವೆ. ಹೂಕುಂಡದ ಕಿಡಿಯನ್ನು ಹಸಿರು ಬಾಣದ ಕಿಡಿಯಂತೆ ಒಮ್ಮೆಲೇ ಆರಿಸಿದರೆ, ಅಥವಾ ಹಸಿರು ಕಿಡಿಯನ್ನು ಕೆಂಪಾಗಿಸುತ್ತ ಆರಿಸಿದರೆ, ನೋಡುವವರಿಗೆ ಕಾರಣ ಹೊಳೆಯದಿದ್ದರೂ ಚಿತ್ರ ಸುಳ್ಳೆನಿಸುತ್ತದೆ. 2018ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಪಟಾಕಿಗಳಲ್ಲಿ ಬೇರಿಯಂ ಲವಣಗಳ ಬಳಕೆಯನ್ನು ನಿಷೇಧಿಸಿದ ಮೇಲೆ ಬೇರಿಯಂನ ಆ ಹಸಿರು ಯಾವ ಆತಂಕವೂ ಇಲ್ಲದೆ ಉರಿಯಬಹುದಾದ ಜಾಗ ಪರದೆಯೇ ಆಗಿದೆ.

ಇಷ್ಟಾದರೂ ಬೆಳಕಿನ ಕೆಲಸ ಅರ್ಧ ಮಾತ್ರ ಮುಗಿದಂತೆ, ಮತ್ತು ಅದು ಸುಲಭದ ಅರ್ಧ. ಬಾಣಬಿರುಸಿಗೆ ಜೀವ ತುಂಬುವುದು ಅದರ ಕಾಲಮಾನ. ಅನಿಮೇಷನ್ ಎಂದರೆ ಸ್ವಲ್ಪ ಸ್ವಲ್ಪವೇ ಬದಲಾಗುವ ಬಿಡಿ ಚಿತ್ರಗಳನ್ನು, ಅಂದರೆ ಫ್ರೇಮುಗಳನ್ನು, ವೇಗವಾಗಿ ಒಂದರ ನಂತರ ಒಂದು ತೋರಿಸುವುದು. ಸಿನಿಮಾದ ರೂಢಿಯಂತೆ ಸೆಕೆಂಡಿಗೆ 24 ಫ್ರೇಮುಗಳು. ಸಿಡಿದ ಬಾಣದ ಕಿಡಿ 8 ಫ್ರೇಮುಗಳಲ್ಲಿ 200 ಬಿಂದುಗಳಷ್ಟು ದೂರ ಹರಡಬೇಕೆಂದು ಇಟ್ಟುಕೊಂಡರೆ, ಲೆಕ್ಕ ಗೊತ್ತಿಲ್ಲದವರು ಅದನ್ನು ಫ್ರೇಮಿಗೆ 25 ಬಿಂದುಗಳಂತೆ ಸಮನಾಗಿ ಹಂಚುತ್ತಾರೆ, ಫಲವಾಗಿ ಬಾಣಬಿರುಸು ಯಾರೋ ಕೊಡೆ ಬಿಚ್ಚಿದಂತೆ ಬಿಗಿಯಾಗಿ ತೆರೆದುಕೊಳ್ಳುತ್ತದೆ. ನಿಜವಾದ ಕಿಡಿ ಹಗುರವಾದದ್ದು, ಸಿಡಿದ ಕ್ಷಣದಲ್ಲಿ ಅದರ ವೇಗ ಅತಿ ಹೆಚ್ಚು, ಆದರೆ ಗಾಳಿಯ ತಡೆ ಆ ವೇಗವನ್ನು ಬಹುಬೇಗ ಕುಗ್ಗಿಸುತ್ತದೆ. ಪ್ರತಿ ಫ್ರೇಮಿನಲ್ಲಿಯೂ ಉಳಿದ ದೂರದ ನಾಲ್ಕನೆಯ ಒಂದು ಭಾಗವನ್ನು ಕಿಡಿ ಕ್ರಮಿಸುತ್ತದೆ ಎಂದುಕೊಂಡರೆ ಮೊದಲ ಫ್ರೇಮಿನ ಕೊನೆಗೆ ಅದು 50ನೆಯ ಬಿಂದುವಿನಲ್ಲಿ, ಎರಡನೆಯದಕ್ಕೆ 88ರ ಬಳಿ, ಮೂರನೆಯದಕ್ಕೆ 116ರಲ್ಲಿ, ನಾಲ್ಕನೆಯದಕ್ಕೆ 137ರಲ್ಲಿ, ಎಂಟನೆಯದಕ್ಕೆ 180ರಲ್ಲಿ ಇರುತ್ತದೆ. ಅಂದರೆ ಹೂವಿನ ಬಹುಪಾಲು ಅರಳುವಿಕೆ ಸೆಕೆಂಡಿನ ಮೂರನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ, ಉಳಿದ ಒಂದೆರಡು ಸೆಕೆಂಡು ಅದು ತೂಗಾಡುತ್ತ, ಕೆಳಗೆ ಬಾಗುತ್ತ, ಆರುತ್ತ ಕಳೆಯುತ್ತದೆ. ಈ ಅಸಮಾನ ಹಂಚಿಕೆಯೇ ಸ್ಫೋಟದ ಅನುಭವವನ್ನು ಕೊಡುವುದು, ಯಾವ ಗ್ಲೋ ಬ್ರಷ್ಷೂ ಅದನ್ನು ಕೊಡಲಾರದು. ಪ್ರಭೆಯನ್ನೇ ಹಚ್ಚದೆ ಬರೀ ಬೂದುಬಣ್ಣದ ಚುಕ್ಕೆಗಳನ್ನು ಈ ಅಂತರಗಳಲ್ಲಿ ಇಟ್ಟು ಓಡಿಸಿದರೂ ಅದು ಬಾಣಬಿರುಸೆಂದು ತಿಳಿಯುತ್ತದೆ. ಅತ್ಯಂತ ಸುಂದರವಾದ ಪ್ರಭೆಯನ್ನು ಹಚ್ಚಿ ಸಮವೇಗದಲ್ಲಿ ಓಡಿಸಿದರೆ ತಿಳಿಯುವುದಿಲ್ಲ.

ಕಿಡಿಗಳು ಹರಡುವ ಆಕಾರದಲ್ಲಿಯೂ ಒಂದು ಸೂಕ್ಷ್ಮವಿದೆ. ಬಾಣ ಸಿಡಿಯುವುದು ಗೋಳವಾಗಿ, ಪರದೆಯಲ್ಲಿ ಕಾಣುವುದು ಆ ಗೋಳದ ಚಪ್ಪಟೆ ನೆರಳು. ಗೋಳದ ಮೇಲ್ಮೈಯಲ್ಲಿ ಸಮನಾಗಿ ಹರಡಿದ 100 ಕಿಡಿಗಳಲ್ಲಿ ಸುಮಾರು 13 ಮಾತ್ರ ವೃತ್ತದ ನಡುವಿನಿಂದ ಅರ್ಧ ತ್ರಿಜ್ಯದೊಳಗೆ ಕಾಣುತ್ತವೆ, ಉಳಿದವೆಲ್ಲ ಅಂಚಿನ ಕಡೆಗೆ ಒತ್ತಾಗುತ್ತವೆ. ಎಲ್ಲ ಕಿಡಿಗಳನ್ನೂ ಅಂಚಿನಲ್ಲಿಯೇ ನಿಲ್ಲಿಸಿದರೆ ಬಳೆಯಾಗುತ್ತದೆ, ಎಲ್ಲೆಡೆ ಸಮನಾಗಿ ಚೆಲ್ಲಿದರೆ ಆಳವಿಲ್ಲದ ತಟ್ಟೆಯಾಗುತ್ತದೆ. ಕಿಡಿಯ ಹಿಂದೆ ಉಳಿಯುವ ಬಾಲಕ್ಕೆ, ಹಿಂದಿನ ಫ್ರೇಮಿನ ಬೆಳಕನ್ನು ಶೇ 85ರಷ್ಟಕ್ಕೆ ತಗ್ಗಿಸಿ ಹೊಸ ಫ್ರೇಮಿನೊಡನೆ ಕೂಡಿಸುತ್ತ ಹೋಗುವ ಉಪಾಯ ಸಾಕು. 12 ಫ್ರೇಮುಗಳ ನಂತರ ಹಳೆಯ ಬೆಳಕು ಶೇ 14ಕ್ಕೆ ಇಳಿದಿರುತ್ತದೆ. ಹಿಂದಿನ ಮತ್ತು ಮುಂದಿನ ಫ್ರೇಮುಗಳನ್ನು ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್ ಎಂಬ ಸೌಲಭ್ಯವನ್ನು ತೆರೆದಿಟ್ಟುಕೊಂಡರೆ ಈ ಅಂತರಗಳನ್ನು ಕಣ್ಣಳತೆಯಲ್ಲಿಯೇ ತೂಗಬಹುದು. ಸಾವಿರಾರು ಕಿಡಿಗಳು ಬೇಕಾದಾಗ ಕೈಯಿಂದ ಬಿಡಿಸುವುದು ಅಸಾಧ್ಯವೆಂದು ಮನಗಂಡು ವಿಲಿಯಂ ರೀವ್ಸ್ ಎಂಬ ವಿಜ್ಞಾನಿ 1983ರಲ್ಲಿ ಪಾರ್ಟಿಕಲ್ ಸಿಸ್ಟಮ್, ಅಂದರೆ ಕಣಗಳ ಸಮೂಹಕ್ಕೆ ಹುಟ್ಟು, ವೇಗ, ಬಣ್ಣ, ಆಯುಸ್ಸುಗಳನ್ನು ನಿಯಮದಿಂದ ಕೊಡುವ ಪದ್ಧತಿಯನ್ನು ಪ್ರಕಟಿಸಿದರು. ಸ್ಟಾರ್ ಟ್ರೆಕ್ ಸರಣಿಯ ಎರಡನೆಯ ಚಿತ್ರದ ಬೆಂಕಿಯ ಗೋಡೆ ಅದರಿಂದ ಮೂಡಿತ್ತು. ಆದರೆ ಆ ಯಂತ್ರಕ್ಕೂ ಆಯುಸ್ಸು ಎಷ್ಟು, ವೇಗ ಎಷ್ಟು ಎಂದು ಹೇಳಿಕೊಡಬೇಕಾದವನು ಬೆಂಕಿಯನ್ನು ನೋಡಿದ ಮನುಷ್ಯನೇ.

ಪ್ರಭೆಯ ರಚನೆಯ ಬಗ್ಗೆ ಹೇಳಲು ಬಹಳವಿಲ್ಲ. ಕಿಡಿಗಳ ಪದರವನ್ನು ಮೂರು ಬಾರಿ ನಕಲು ಮಾಡಿ, ಗಾಸಿಯನ್ ಬ್ಲರ್ ಎಂಬ ಮಸುಕುಗೊಳಿಸುವ ಸಾಧನದಿಂದ ಒಂದನ್ನು 4, ಇನ್ನೊಂದನ್ನು 16, ಮತ್ತೊಂದನ್ನು 64 ಬಿಂದುಗಳಷ್ಟು ಹರಡಿ, ಅಗಲವಾದದ್ದನ್ನು ಹೆಚ್ಚು ಮಂಕಾಗಿಸಿ ಆ್ಯಡ್ ವಿಧಾನದಲ್ಲಿ ಇಟ್ಟರೆ ಆಯಿತು. ಇದಕ್ಕಿಂತ ಹೆಚ್ಚಿನ ಶ್ರಮ ಸಲ್ಲಬೇಕಾದದ್ದು ಬೆಳಕು ಬಿದ್ದ ವಸ್ತುಗಳಿಗೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮುಂದೆ ಬಾಣ ಸಿಡಿಯಿತೆಂದು ಚಿತ್ರಿಸುವುದಾದರೆ, ಚಾಲುಕ್ಯರ ಕಾಲದ ಆ ನುಣುಪಾದ ಕಂಬಗಳ ತಿರುಗಣಿಯ ಉಂಗುರಗಳ ಮೇಲೆ ಬೆಳಕು ಸಣ್ಣ ಉದ್ದ ಗೆರೆಗಳಾಗಿ ಮಿನುಗಿ ಮಾಯವಾಗಬೇಕು, ಒರಟು ಕಲ್ಲಿನ ಗೋಡೆಯ ಮೇಲೆ ಅದೇ ಬೆಳಕು ಮಂದವಾಗಿ ಹರಡಬೇಕು. ಅದೇ ಊರಿನ ಆನಿಕೆರೆಯ ನೀರಿನಲ್ಲಿ ಪ್ರತಿಬಿಂಬ ದುಂಡಗೆ ಇರದೆ ಅಲೆಗಳಿಂದ ಲಂಬವಾಗಿ ಎಳೆದಂತಾಗಬೇಕು. ಸಿಡಿತದ ನಂತರ ಉಳಿದ ಹೊಗೆ ಮುಂದಿನ ಬಾಣದ ಬಣ್ಣವನ್ನು ತಾಳಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 510 ಮೀಟರ್ ದೂರದ ಬಾಣದ ಸದ್ದು ಬೆಳಕಿನ ನಂತರ ಒಂದೂವರೆ ಸೆಕೆಂಡಿಗೆ, ಅಂದರೆ 36 ಫ್ರೇಮುಗಳ ಬಳಿಕ, ಕೇಳಿಸಬೇಕು. ಬೆಳಕು ಮತ್ತು ಸದ್ದುಗಳನ್ನು ಒಂದೇ ಫ್ರೇಮಿನಲ್ಲಿ ಕೂಡಿಸಿದಾಗ ವಿಶಾಲವಾದ ಆಕಾಶ ಕೋಣೆಯಷ್ಟಕ್ಕೆ ಕುಗ್ಗುತ್ತದೆ.

ಬೆಂಕಿಯ ಆಟವನ್ನು ನೋಡುವ ಅಭ್ಯಾಸ ಕನ್ನಡ ನಾಡಿಗೆ ಹೊಸದಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ತೈಮೂರಿ ರಾಯಭಾರಿ ಅಬ್ದುರ್ ರಜಾಕ್ ಇಮ್ಮಡಿ ದೇವರಾಯನ ಕಾಲದ ಮಹಾನವಮಿಯ ವರ್ಣನೆಯಲ್ಲಿ ಮದ್ದಿನ ಆಟವನ್ನು ಹೆಸರಿಸುತ್ತಾನೆ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಉರಿಯುತ್ತ ಬಾಣಗಳನ್ನು ಚಿಮ್ಮುವ ಕೋಟೆಗಳ ಆಕೃತಿಗಳನ್ನು ವಿವರಿಸುತ್ತಾನೆ. ಪರಶುರಾಮ ಕೃಷ್ಣ ಗೋಡೆ ಅವರು 1400ರಿಂದ 1900ರವರೆಗಿನ ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಬರೆದಾಗ ಅದು 1953ರಲ್ಲಿ ಪ್ರಕಟವಾದದ್ದು ಬೆಂಗಳೂರಿನಿಂದಲೇ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ನಡೆಯುವ ಮದ್ದು ಸುಡುವ ಕಾರ್ಯಕ್ರಮಕ್ಕೆ ಇಂದಿಗೂ ಜನ ನೆರೆಯುತ್ತಾರೆ. ಇಷ್ಟು ಕಾಲದ ನೋಟ ಒಂದು ಕಡೆಗಿರುವಾಗ, ಹೋರಿ ಹಬ್ಬದ ವಿಡಿಯೊಗೆ ಬೇರೆ ಯಾವುದೋ ದೇಶದ ಹೊಸವರ್ಷದ ಬೆಂಕಿಯನ್ನು ಕತ್ತರಿಸಿ ಅಂಟಿಸುವುದು ಕಣ್ಣಿಗೆ ಮಾಡುವ ಅನ್ಯಾಯವೇ ಸರಿ.

ಬೆಳಕಿನ ಕೆಲಸದಲ್ಲಿ ಒಂದು ಹೊಣೆಯೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೋಕೆಮಾನ್ ಸರಣಿಯ ಕಂತೊಂದರಲ್ಲಿ ಕೆಂಪು ಮತ್ತು ನೀಲಿ ಬೆಳಕು ಸೆಕೆಂಡಿಗೆ ಹನ್ನೆರಡರಷ್ಟು ಬಾರಿ ಮಿನುಗಿದ್ದರಿಂದ 600ಕ್ಕೂ ಹೆಚ್ಚು ವೀಕ್ಷಕರು, ಅವರಲ್ಲಿ ಬಹುಪಾಲು ಮಕ್ಕಳು, ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಅಂತರಜಾಲದ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಪರದೆಯ ದೊಡ್ಡ ಭಾಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚಬಾರದೆಂದು ಹೇಳುತ್ತವೆ. ಹೋರಿ ಅಖಾಡಕ್ಕೆ ನುಗ್ಗುವ ದೃಶ್ಯಕ್ಕೆ ಇಡೀ ಪರದೆಯನ್ನು ಕೆಂಪು ಬಿಳಿಯಾಗಿ ಮಿಂಚಿಸುವ ರೂಢಿ ಇರುವವರು ಇದನ್ನು ಮನಸ್ಸಿಟ್ಟು ಪಾಲಿಸಬೇಕು, ಏಕೆಂದರೆ ಆ ವಿಡಿಯೊ ಯಾವ ಮಗುವಿನ ಕೈಯಲ್ಲಿರುವ ಫೋನಿಗೆ ತಲುಪುತ್ತದೆಂದು ಹೇಳಲಾಗದು.

ಸಾಧನಗಳ ಕೊರತೆ ಈಗ ನೆಪವಾಗಲಾರದು. ಕ್ರಿತಾ ಉಚಿತ ತಂತ್ರಾಂಶ, 2016ರ ಮೂರನೆಯ ಆವೃತ್ತಿಯಿಂದ ಅದರಲ್ಲಿ ಅನಿಮೇಷನ್ ಸೌಲಭ್ಯವಿದೆ. ಜಪಾನಿನ ಜಿಬ್ಲಿ ಸ್ಟುಡಿಯೊ ಬಳಸುತ್ತಿದ್ದ ತಂತ್ರಾಂಶದ ಮುಕ್ತ ರೂಪವಾದ ಓಪನ್‌ಟೂನ್ಜ್ ಅದೇ ವರ್ಷ ಎಲ್ಲರಿಗೂ ಸಿಕ್ಕಿತು. ಫೋನು ಮಾತ್ರ ಇರುವವರಿಗೆ ಫ್ಲಿಪಾಕ್ಲಿಪ್, ಐಬಿಸ್ ಪೇಂಟ್‌ಗಳಿವೆ. ಸಿದ್ಧವಾದ ಕೆಲಸವನ್ನು ಜಿಫ್ ರೂಪದಲ್ಲಿ ಉಳಿಸದೆ ಎಂಪಿ4 ರೂಪದಲ್ಲಿ ಉಳಿಸಬೇಕು; ಜಿಫ್ ಒಂದು ಫ್ರೇಮಿಗೆ 256 ಬಣ್ಣಗಳನ್ನಷ್ಟೇ ಒಪ್ಪುವುದರಿಂದ ಮೃದುವಾದ ಪ್ರಭೆ ಅದರಲ್ಲಿ ಮೆಟ್ಟಿಲುಗಳಾಗಿ ಒಡೆಯುತ್ತದೆ.

ಅನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ ಕರ್ನಾಟಕದಲ್ಲಿ ಆ ಉದ್ಯಮದ ಬಹುಪಾಲು ಬೆಂಗಳೂರಿಗೇ ಅಂಟಿಕೊಂಡಿದೆ. ಆದರೆ ಹೋರಿ ಹಬ್ಬದ ಈ ಸೀಮೆಯಲ್ಲಿಯೇ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಿನ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಲ್ಪನೆಯಂತೆ ಮೂಡಿದ, ಹಳ್ಳಿಯ ಬದುಕನ್ನು ನಿಂತು ನೋಡಿ ರೂಪಿಸಿದ ಶಿಲ್ಪಗಳಿವೆ. ಹೋರಿ ಹಬ್ಬದ, ಜಾತ್ರೆಯ, ಬಯಲಾಟದ ಬೆಳಕನ್ನು ಚಿತ್ರೀಕರಿಸಿ, ಫ್ರೇಮುಗಳಾಗಿ ಬಿಡಿಸಿ, ಸುತ್ತಲಿನ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ರಜೆಯ ದಿನಗಳಲ್ಲಿ ಇದನ್ನು ಕಲಿಸುವ ಕೆಲಸಕ್ಕೆ ಆ ವಿಶ್ವವಿದ್ಯಾಲಯಕ್ಕಿಂತ ತಕ್ಕ ನೆಲೆ ಇನ್ನೊಂದಿಲ್ಲ, ಅದು ಈ ಕಡೆ ಮನಸ್ಸು ಮಾಡಬೇಕು.

ಅಲ್ಲಿಯವರೆಗೆ ಕಾಯಲಾರದ ಕಲಿಯುವವರು ಬೆಂಕಿಯ ಹತ್ತಿರಕ್ಕೆ ಹೋಗಬೇಕಾಗಿಲ್ಲ. 2023ರ ಆಗಸ್ಟಿನಲ್ಲಿ ಹಾವೇರಿ ಬಳಿಯ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಜೀವಗಳು ಸುಟ್ಟುಹೋದದ್ದನ್ನು ಈ ಸೀಮೆ ಮರೆತಿಲ್ಲ. ದೂರದಲ್ಲಿ ನಿಂತು ಫೋನಿನ ಸ್ಲೋ ಮೋಷನ್ನಿನಲ್ಲಿ ಒಂದು ಬಾಣವನ್ನು ಸೆರೆಹಿಡಿದು, ಅದನ್ನು ಫ್ರೇಮು ಫ್ರೇಮಾಗಿ ನಿಲ್ಲಿಸಿ, ಒಂದೇ ಒಂದು ಕಿಡಿ ಎಲ್ಲೆಲ್ಲಿ ಸಾಗಿತೆಂದು ಚುಕ್ಕೆಯಿಟ್ಟು ಗುರುತಿಸಿಕೊಳ್ಳಬೇಕು. ಕಪ್ಪು ಹಿನ್ನೆಲೆಯ ಮೇಲೆ, ಬಣ್ಣವಿಲ್ಲದೆ, ಪ್ರಭೆಯಿಲ್ಲದೆ, ಆ ಒಂದು ಕಿಡಿಯನ್ನು 24 ಫ್ರೇಮುಗಳಲ್ಲಿ ಬಿಡಿಸಿ ಓಡಿಸಿ ನೋಡಬೇಕು. ಅದು ನಿಜವೆನಿಸಿದ ಮೇಲೆ ಬಣ್ಣದ ಪದರವನ್ನು ತೆರೆಯಬಹುದು.